ಅದೃಷ್ಟ ನನ್ನದು, ಪುಟ ಯಾರದು?

2022ರ ಜನವರಿಯಲ್ಲಿ ಹೆಸರು ಗೊತ್ತಿಲ್ಲದ ಒಬ್ಬ ಗಣಿಗಾರನಿಗೆ ಬಿಟ್‌ಕಾಯಿನ್‌ನ ಒಂದು ಇಡೀ ಬ್ಲಾಕ್ ಒಲಿಯಿತು. ಅವನ ಬಳಿ ಇದ್ದದ್ದು ಸೆಕೆಂಡಿಗೆ 126 ಟೆರಾಹ್ಯಾಶ್ ಸಾಮರ್ಥ್ಯ. ಅದು ಒಂದೆರಡು ಯಂತ್ರದ ಬಲ, ಅಷ್ಟೆ. ಆ ಹೊತ್ತಿಗೆ ಜಗತ್ತಿನ ಎಲ್ಲ ಗಣಿಗಾರರ ಒಟ್ಟು ಬಲ ಅದರ ಹತ್ತು ಲಕ್ಷ ಪಟ್ಟನ್ನೂ ಮೀರಿತ್ತು. ಇಡೀ ದಿನ ಯಂತ್ರ ಓಡಿಸಿದರೂ ಗೆಲ್ಲುವ ಸಂಭವ ಸುಮಾರು ಹತ್ತು ಸಾವಿರದಲ್ಲಿ ಒಂದು. ಆದರೂ ಗೆದ್ದ. ಸರ್ವರಿನ ಸಣ್ಣ ಶುಲ್ಕ ಕಳೆದು 6.25 ಬಿಟ್‌ಕಾಯಿನ್ ಬಹುಮಾನ ನೇರವಾಗಿ ಅವನ ವಿಳಾಸಕ್ಕೆ ಹೋಯಿತು.

ಸುದ್ದಿಯವರು ಅವನನ್ನು ‘ಒಂಟಿ ಗಣಿಗಾರ’ ಎಂದು ಕರೆದರು. ಅವನ ಯಂತ್ರ ಸೇರಿಕೊಂಡಿದ್ದದ್ದು ಸೋಲೋ ಸಿಕೆಪೂಲ್ ಎಂಬ ಸರ್ವರಿಗೆ. ಅವನಂಥ ಎಷ್ಟೋ ಜನರ ಯಂತ್ರಗಳು ಅದೇ ಸರ್ವರಿನಿಂದ ಕೆಲಸ ಪಡೆಯುತ್ತಿದ್ದವು. ಒಂದೇ ಬಾಗಿಲಲ್ಲಿ ಸಾಲುಗಟ್ಟಿ ನಿಂತವರನ್ನು ಒಂಟಿ ಎನ್ನಬಹುದೆ? ಎನ್ನಬಹುದಾದರೆ ಯಾವ ವಿಷಯದಲ್ಲಿ ಅವರು ಒಂಟಿ, ಯಾವುದರಲ್ಲಿ ಅಲ್ಲ? ಬಿಟ್‌ಕಾಯಿನ್ ಬಗ್ಗೆ ಮಾತಾಡುವವರೆಲ್ಲ ಸ್ವಾತಂತ್ರ್ಯದ ಮಾತನ್ನೂ ಆಡುವುದರಿಂದ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಅಗತ್ಯ ಎಂದು ನನಗನ್ನಿಸುತ್ತದೆ.

ಬ್ಲಾಕ್ ಎಂದರೆ ಲೆಕ್ಕದ ಪುಸ್ತಕದ ಒಂದು ಪುಟ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ಕೆಲವು ಸಾವಿರ ವ್ಯವಹಾರಗಳು ಅದರಲ್ಲಿರುತ್ತವೆ. ಆ ಪುಟಕ್ಕೆ 80 ಬೈಟಿನ ತಲೆಬರಹ. ತಲೆಬರಹದಲ್ಲಿ ನಾನ್ಸ್ ಎಂಬ ಸಂಖ್ಯೆಯನ್ನು ಬದಲಿಸುತ್ತ, ಎಸ್‌ಎಚ್‌ಎ-256 ಎಂಬ ಗಣಿತದ ಗಿರಣಿಗೆ ಆ ತಲೆಬರಹವನ್ನು ಎರಡೆರಡು ಸಲ ಹಾಕುತ್ತ, ನಿಗದಿತ ಮಿತಿಗಿಂತ ಕಡಿಮೆಯ ಉತ್ತರ, ಅಂದರೆ ಹ್ಯಾಶ್, ಬರುವವರೆಗೂ ಪ್ರಯತ್ನಿಸುವುದೇ ಗಣಿಗಾರಿಕೆ. ಉತ್ತರ ಸಿಕ್ಕವರು ಆ ಪುಟವನ್ನು ಪುಸ್ತಕಕ್ಕೆ ಸೇರಿಸುತ್ತಾರೆ, ಹೊಸ ನಾಣ್ಯ ಪಡೆಯುತ್ತಾರೆ. ಸರಾಸರಿ ಹತ್ತು ನಿಮಿಷಕ್ಕೊಂದು ಪುಟ. ಯಂತ್ರಗಳು ಹೆಚ್ಚಿದರೆ 2016 ಬ್ಲಾಕುಗಳಿಗೊಮ್ಮೆ ಮಿತಿಯೇ ಬಿಗಿಯಾಗುತ್ತದೆ.

2009ರ ಜನವರಿಯಲ್ಲಿ ಈ ಜಾಲ ಶುರುವಾದಾಗ ಎಲ್ಲರೂ ಒಂಟಿ ಗಣಿಗಾರರೇ. ಮೊದಲಿಗರಲ್ಲಿ ಒಬ್ಬರಾದ ಹ್ಯಾಲ್ ಫಿನ್ನಿ ಮನೆಯ ಕಂಪ್ಯೂಟರಿನಲ್ಲೇ ಬ್ಲಾಕುಗಳನ್ನು ಹಿಡಿದು, ಕಂಪ್ಯೂಟರ್ ಬಿಸಿಯಾಗುತ್ತದೆ, ಫ್ಯಾನಿನ ಸದ್ದು ಕಿರಿಕಿರಿ ಎಂದು ನಿಲ್ಲಿಸಿಬಿಟ್ಟರು. ಆಗ ಒಂದು ಬ್ಲಾಕಿಗೆ 50 ಬಿಟ್‌ಕಾಯಿನ್. ಎರಡೇ ವರ್ಷದೊಳಗೆ ಗ್ರಾಫಿಕ್ಸ್ ಕಾರ್ಡುಗಳು ಕಣಕ್ಕಿಳಿದವು. ಸಾಮಾನ್ಯ ಕಂಪ್ಯೂಟರಿನವನಿಗೆ ತಿಂಗಳುಗಟ್ಟಲೆ ಕಾದರೂ ಏನೂ ಸಿಗದ ಸ್ಥಿತಿ ಬಂತು. ಆಗ, 2010ರ ಕೊನೆಯಲ್ಲಿ, ಜೆಕ್ ದೇಶದ ಮಾರೆಕ್ ಪಲಾಟಿನಸ್ ಮೊದಲ ಪೂಲ್ ಕಟ್ಟಿದರು. ಹನಿ ಹನಿಗೂಡಿದರೆ ಹಳ್ಳ: ಎಲ್ಲರೂ ಸೇರಿ ಹುಡುಕಿ, ಯಾರಿಗೆ ಸಿಕ್ಕರೂ ದುಡಿದಷ್ಟಕ್ಕೆ ಪಾಲು ಹಂಚಿಕೊಳ್ಳುವ ಏರ್ಪಾಡು. ದುಡಿದದ್ದಕ್ಕೆ ಪುರಾವೆಯಾಗಿ ಪ್ರತಿಯೊಬ್ಬರೂ ಸುಲಭದ ಮಿತಿಗೆ ಇಳಿಯುವ ಉತ್ತರಗಳನ್ನು, ‘ಶೇರ್’ಗಳನ್ನು, ಸರ್ವರಿಗೆ ಕಳಿಸುತ್ತಿರಬೇಕು. ಇದು ಜಾಣತನದ ಕೆಲಸ, ನ್ಯಾಯದ ಕೆಲಸ ಕೂಡ. ಆದರೆ ಅಂದಿನಿಂದ ಪುಟ ಬರೆಯುವ ಅಧಿಕಾರ ಸದ್ದಿಲ್ಲದೆ ಕೈ ಬದಲಾಯಿಸಿತು. ಯಂತ್ರವಿದ್ದವನು ಕೂಲಿಯಾದ, ಸರ್ವರಿದ್ದವನು ಶಾನುಭೋಗನಾದ.

ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ ವೃತ್ತಿಯಲ್ಲಿ ಅರಿವಳಿಕೆ ವೈದ್ಯರು. ಲಿನಕ್ಸ್ ಕರ್ನಲ್‌ನ ಕೆಲಸದಿಂದ ಪ್ರೋಗ್ರಾಮರುಗಳ ನಡುವೆ ಹೆಸರಾದವರು. ಗಣಿಗಾರಿಕೆಗೆ ಬಹುಕಾಲ ಎಲ್ಲರೂ ಬಳಸಿದ ಸಿಜಿಮೈನರ್ ಅವರದೇ ತಂತ್ರಾಂಶ. 2014ರಲ್ಲಿ ಅವರು ಶುರು ಮಾಡಿದ ಸೋಲೋ ಸಿಕೆಪೂಲ್ ಸರ್ವರಿನಲ್ಲಿ ಪಾಲು ಹಂಚಿಕೆ ಇಲ್ಲ. ನೋಂದಣಿಯಿಲ್ಲ, ಖಾತೆಯಿಲ್ಲ, ಬಳಕೆದಾರನ ಹೆಸರಿನ ಜಾಗದಲ್ಲಿ ನಿಮ್ಮ ಬಿಟ್‌ಕಾಯಿನ್ ವಿಳಾಸ ಕೊಟ್ಟರೆ ಸಾಕು. ಬ್ಲಾಕ್ ಸಿಕ್ಕರೆ ನೂರಕ್ಕೆ ಎರಡು ಸರ್ವರಿಗೆ, ಉಳಿದ ತೊಂಬತ್ತೆಂಟು ನಿಮಗೆ. ಸಿಗದಿದ್ದರೆ ಸೊನ್ನೆ. ನಿಮ್ಮ ಯಂತ್ರ ಕಳಿಸುವ ಶೇರುಗಳಿಗೆ ಇಲ್ಲಿ ಬೆಲೆಯಿಲ್ಲ. ಯಂತ್ರ ಬದುಕಿದೆ, ಓಡುತ್ತಿದೆ ಎಂಬುದಕ್ಕೆ ಸಾಕ್ಷಿ, ಅಷ್ಟೆ.

ಈ ಏರ್ಪಾಡಿನಲ್ಲಿ ನನಗೆ ನಿಜವಾಗಿ ಮೆಚ್ಚುಗೆಯಾಗುವ ಒಂದು ಸಂಗತಿ ಇದೆ. ಹೊಸ ನಾಣ್ಯ ಯಾರಿಗೆ ಸೇರಬೇಕೆಂಬ ಬರಹ, ಅಂದರೆ ಕಾಯಿನ್‌ಬೇಸ್ ವ್ಯವಹಾರ, ಪುಟದ ಒಳಗೇ ಮೊದಲ ಸಾಲಾಗಿ ಇರುತ್ತದೆ. ಸೋಲೋ ಸರ್ವರ್ ಪ್ರತಿಯೊಬ್ಬ ಗಣಿಗಾರನಿಗೂ ಅವನದೇ ವಿಳಾಸವಿರುವ ಬೇರೆ ಪುಟ ಕೊಡುತ್ತದೆ. ಆ ವಿಳಾಸದ ಒಂದಕ್ಷರ ಬದಲಾದರೂ ಇಡೀ ತಲೆಬರಹದ ಹ್ಯಾಶ್ ಬದಲಾಗುತ್ತದೆ, ಸಿಕ್ಕ ಉತ್ತರ ಕೆಲಸಕ್ಕೆ ಬಾರದೆ ಹೋಗುತ್ತದೆ. ಅಂದರೆ ನೀವು ಕಂಡುಹಿಡಿದ ಬ್ಲಾಕನ್ನು ಸರ್ವರಿನ ಒಡೆಯ ತನ್ನ ಹೆಸರಿಗೆ ತಿರುಗಿಸಿಕೊಳ್ಳಲಾರ. ಅವನು ಒಳ್ಳೆಯವನೋ ಅಲ್ಲವೋ ಎಂದು ನೀವು ಯೋಚಿಸುತ್ತ ಕೂರಬೇಕಾಗಿಲ್ಲ. ನಿಮ್ಮ ಹಣ ಅವನ ಕೈಯಲ್ಲಿ ಒಂದು ಕ್ಷಣವೂ ಇರುವುದಿಲ್ಲ. ಸಾಮಾನ್ಯ ಪೂಲಿನಲ್ಲಿ ಬಹುಮಾನ ಮೊದಲು ಒಡೆಯನ ವಿಳಾಸಕ್ಕೆ ಬಂದು, ಅಲ್ಲಿಂದ ಅವನು ಹಂಚಬೇಕು. ಆ ನಂಬಿಕೆಯ ಭಾರವನ್ನು ಈ ವಿಧಾನ ಗಣಿತದ ಮೇಲೆ ಹೊರಿಸಿದೆ.

ಇನ್ನು ಅದೃಷ್ಟದ ಲೆಕ್ಕ. ಇಂದು ಹವ್ಯಾಸಿಗಳ ಮೇಜಿನ ಮೇಲೆ ಕಾಣುವ ಬಿಟ್‌ಆಕ್ಸ್ ಎಂಬ ಅಂಗೈಯಗಲದ ಯಂತ್ರ ಸೆಕೆಂಡಿಗೆ ಸುಮಾರು 1.2 ಟೆರಾಹ್ಯಾಶ್ ಮಾಡುತ್ತದೆ. 2025ರಲ್ಲಿ ಇಡೀ ಜಾಲದ ಬಲ ಸಾವಿರ ಎಕ್ಸಾಹ್ಯಾಶ್ ಮುಟ್ಟಿತು. ಭಾಗಿಸಿ ನೋಡಿದರೆ ಪ್ರತಿ ಹತ್ತು ನಿಮಿಷಕ್ಕೆ ಆ ಯಂತ್ರ ಗೆಲ್ಲುವ ಸಂಭವ 83 ಕೋಟಿಯಲ್ಲಿ ಒಂದು. ವರ್ಷವಿಡೀ ಓಡಿಸಿದರೆ 16 ಸಾವಿರದಲ್ಲಿ ಒಂದು. ವರ್ಷಕ್ಕೆ ಸರಾಸರಿ ಒಂದು ಬ್ಲಾಕ್ ಸಿಗಬೇಕಾದಷ್ಟು ದೊಡ್ಡ ಯಂತ್ರಸಾಲು ಇರುವವನಿಗೂ ಒಂದೂ ಸಿಗದೆ ವರ್ಷ ಕಳೆಯುವ ಸಂಭವ ನೂರಕ್ಕೆ 37. ಈ ಆಟಕ್ಕೆ ನೆನಪಿಲ್ಲ. ಹತ್ತು ವರ್ಷ ಕಾದವನಿಗೂ ನಿನ್ನೆ ಬಂದವನಿಗೂ ಮುಂದಿನ ಸೆಕೆಂಡು ಒಂದೇ. ‘ಇಷ್ಟು ದಿನ ಕಾದೆ, ಇನ್ನೇನು ಬರುತ್ತದೆ’ ಎಂಬ ಆಸೆಗೆ ಇಲ್ಲಿ ಆಧಾರವಿಲ್ಲ.

ಹಾಗಾದರೆ ಇದು ಮೂರ್ಖತನವೆ? ಹಾಗೆ ತೀರ್ಪು ಕೊಡುವವರು ಒಂದು ಲೆಕ್ಕ ಬಿಡುತ್ತಾರೆ. ಬಹುಮಾನ ಕಡಿಮೆಯಾಗುತ್ತ ಬಂದು ಈಗ ಬ್ಲಾಕಿಗೆ 3.125 ಬಿಟ್‌ಕಾಯಿನ್. ಅದೇ ಪುಟ್ಟ ಯಂತ್ರವನ್ನು ಸಾಮಾನ್ಯ ಪೂಲಿಗೆ ಸೇರಿಸಿದರೆ ದಿನಕ್ಕೆ ಸಿಗುವುದು ಸುಮಾರು 54 ಸತೋಷಿ, ಅಂದರೆ ಒಂದು ಬಿಟ್‌ಕಾಯಿನ್ನಿನ ಹತ್ತು ಕೋಟಿ ಭಾಗಗಳಲ್ಲಿ ಐವತ್ತನಾಲ್ಕು. ಸರಾಸರಿಯಲ್ಲಿ ಒಂಟಿಯಾಗಿ ದುಡಿದರೂ ಗಳಿಕೆ ಅಷ್ಟೇ. ಬೇರೆಯಾಗುವುದು ಅದು ಬರುವ ರೀತಿ. ತಿಂಗಳ ಬಾಡಿಗೆ, ವಿದ್ಯುತ್ ಬಿಲ್ಲು, ಸಾಲದ ಕಂತು ಕಟ್ಟಬೇಕಾದವನಿಗೆ ಹನಿಹನಿಯಾಗಿ ಬರುವ ಆದಾಯ ಬೇಕೇ ಬೇಕು, ಅವನು ಪೂಲಿಗೆ ಹೋಗುವುದು ಸರಿ. ಮೇಜಿನ ಮೇಲಿನ ಒಂದು ಯಂತ್ರದವನಿಗೆ ಆ ಹನಿ ನಾಲಿಗೆಯನ್ನೂ ನೆನೆಸುವುದಿಲ್ಲ. ಅವನು ಹನಿಯನ್ನು ಬಿಟ್ಟು ಮಳೆಗೆ ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಲಾಟರಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ದಿನಗೂಲಿಯ ದುಡ್ಡು ಸಂಜೆಯೊಳಗೆ ಚೀಟಿಯಾಗಿ ಕರಗುವುದನ್ನು ಕಂಡ ಮನೆಗಳು ಆ ನಿಷೇಧವನ್ನು ಸ್ವಾಗತಿಸಿದ್ದವು. ಆದ್ದರಿಂದ ನಮ್ಮಲ್ಲಿ ಈ ಪ್ರಶ್ನೆಯನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ನನ್ನ ಉತ್ತರ: ಕೈಯಿಂದ ಹೋಗುವ ಹಣಕ್ಕೆ ಮಿತಿಯಿದೆ ಎಂಬಲ್ಲಿ ವ್ಯತ್ಯಾಸವಿದೆ. ಆ ಪುಟ್ಟ ಯಂತ್ರ ಉಣ್ಣುವುದು 17–18 ವ್ಯಾಟ್, ವರ್ಷಕ್ಕೆ ಸುಮಾರು 150 ಯೂನಿಟ್, ನಮ್ಮ ದರದಲ್ಲಿ ಸಾವಿರ ರೂಪಾಯಿಯ ಆಸುಪಾಸು. ಸೋತ ಸಿಟ್ಟಿಗೆ ಒಂದೇ ಸಂಜೆ ಹತ್ತು ಪಟ್ಟು ಸುರಿಯಲು ಬರುವುದಿಲ್ಲ. ಆದರೆ ಸಾಲ ಮಾಡಿ ದೊಡ್ಡ ಯಂತ್ರ ತಂದು ಸೋಲೋ ಸರ್ವರಿಗೆ ಕಟ್ಟುವವನು ಲಾಟರಿಯನ್ನೇ ಆಡುತ್ತಿದ್ದಾನೆ, ಅದರಲ್ಲಿ ಅನುಮಾನ ಬೇಡ. ಭಾರತದಲ್ಲಿ 2022ರ ಏಪ್ರಿಲ್‌ನಿಂದ ಬಿಟ್‌ಕಾಯಿನ್‌ನಂಥ ಆಸ್ತಿಯ ಲಾಭಕ್ಕೆ ನೂರಕ್ಕೆ 30 ತೆರಿಗೆ ಇದೆ. ಗಣಿಗಾರಿಕೆಯ ಮೂಲಸೌಕರ್ಯದ ವೆಚ್ಚವನ್ನು ಆಸ್ತಿ ಕೊಂಡ ವೆಚ್ಚವೆಂದು ತೋರಿಸಲು ಬರುವುದಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಗೆದ್ದವರ ಸುದ್ದಿಯಷ್ಟೇ ನಮ್ಮ ಕಿವಿಗೆ ಬೀಳುತ್ತದೆ ಎಂಬುದನ್ನೂ ನೆನಪಿಡಬೇಕು. ಸೋಲೋ ಸಿಕೆಪೂಲ್ ಶುರುವಾದ ಮೇಲಿನ ಹತ್ತು ವರ್ಷ ಮೀರಿದ ಅವಧಿಯಲ್ಲಿ ಜಾಲಕ್ಕೆ ಐದು ಲಕ್ಷಕ್ಕೂ ಹೆಚ್ಚು ಬ್ಲಾಕುಗಳು ಸೇರಿವೆ. ಆ ಸೋಲೋ ಸರ್ವರಿಗೆ ಒಲಿದವು ಮುನ್ನೂರರ ಆಸುಪಾಸು.

ಇಷ್ಟು ಹಣದ ಮಾತು. ನನ್ನನ್ನು ಹೆಚ್ಚು ಕಾಡುವುದು ಪುಟದ ಮಾತು.

ಗಣಿಗಾರನ ಯಂತ್ರ ಸರ್ವರಿನೊಡನೆ ಮಾತಾಡುವ ಭಾಷೆಗೆ ಸ್ಟ್ರಾಟಮ್ ಎಂದು ಹೆಸರು. 2012ರಿಂದ ಬಳಕೆಯಲ್ಲಿದೆ. ಅದರಲ್ಲಿ ಯಂತ್ರಕ್ಕೆ ಬರುವುದೇನೆಂದು ನೋಡಿ: ಹಿಂದಿನ ಬ್ಲಾಕಿನ ಹ್ಯಾಶ್, ಕಾಯಿನ್‌ಬೇಸ್ ವ್ಯವಹಾರದ ಎರಡು ತುಂಡು, ಉಳಿದೆಲ್ಲ ವ್ಯವಹಾರಗಳ ಬದಲಿಗೆ ಬೆರಳೆಣಿಕೆಯ ಕೆಲವು ಹ್ಯಾಶ್‌ಗಳು. ಮೂರು ಸಾವಿರ ವ್ಯವಹಾರಗಳ ಪುಟಕ್ಕೆ ಹನ್ನೆರಡು ಹ್ಯಾಶ್ ಸಾಕು. ಈ ಮಿತವ್ಯಯಕ್ಕೆ ಕಾರಣವಿದೆ. 1.2 ಟೆರಾಹ್ಯಾಶ್‌ನ ಯಂತ್ರವೇ ನಾನ್ಸಿನ 429 ಕೋಟಿ ಸಾಧ್ಯತೆಗಳನ್ನು ಸೆಕೆಂಡಿಗೆ 280 ಸಲ ಮುಗಿಸಿಬಿಡುತ್ತದೆ. ಪ್ರತಿ ಸಲವೂ ಇಡೀ ಪುಟ ತರಿಸಿಕೊಂಡರೆ ಜಾಲ ಉಸಿರುಗಟ್ಟುತ್ತದೆ. ಆದ್ದರಿಂದ ಹ್ಯಾಶ್ ಮಾತ್ರ ಕಳಿಸುತ್ತಾರೆ. ಪರಿಣಾಮ ಏನೆಂದರೆ, ಒಂಟಿ ಗಣಿಗಾರನಿಗೆ ತನ್ನ ವಿಳಾಸವಿರುವ ಸಾಲು ಕಾಣುತ್ತದೆ, ಉಳಿದ ಸಾಲುಗಳು ಕಾಣುವುದಿಲ್ಲ. ಯಾರ ವ್ಯವಹಾರ ಸೇರಿಸಿದ್ದಾರೆ, ಯಾರದನ್ನು ಬಿಟ್ಟಿದ್ದಾರೆ, ಅವನಿಗೆ ತಿಳಿಯದು. ಬೆಳೆಯೆಲ್ಲ ಅವನದು, ಬಿತ್ತನೆ ಏನೆಂದು ನಿರ್ಧರಿಸುವವನು ಬೇರೆಯವನು.

ಇದು ಕೊಲಿವಾಸ್ ಅವರ ನಡತೆಯ ಪ್ರಶ್ನೆಯಲ್ಲ. ವ್ಯವಸ್ಥೆಯ ಆಕಾರವೇ ಹಾಗಿದೆ. ಆ ಆಕಾರದ ಅಪಾಯ ದೊಡ್ಡ ಪೂಲುಗಳಲ್ಲಿ ಆಗಲೇ ಕಣ್ಣಿಗೆ ಬಿದ್ದಿದೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಮ್ಯಾರಥಾನ್ ಕಂಪನಿ ತನ್ನ ಪೂಲಿನಲ್ಲಿ ಅಮೆರಿಕದ ನಿರ್ಬಂಧಪಟ್ಟಿಯಲ್ಲಿರುವವರ ವ್ಯವಹಾರಗಳನ್ನು ಹೊರಗಿಟ್ಟು ಬ್ಲಾಕ್ ಮಾಡಿತು. ಟೀಕೆ ಬಂದ ಮೇಲೆ ಹಿಂದೆ ಸರಿಯಿತು. 2023ರ ನವೆಂಬರಿನಲ್ಲಿ ಎಫ್‌2ಪೂಲ್ ಕೂಡ ಅಂಥ ವ್ಯವಹಾರಗಳನ್ನು ಸೋಸುತ್ತಿದ್ದದ್ದು ಹೊರಬಂತು. ಹೊರಬಂದದ್ದು ಬ್ಲಾಕುಗಳು ಸೇರಿಹೋದ ಮೇಲೆ, ಒಬ್ಬ ಸಂಶೋಧಕ ಪುಟಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದಾಗ. ಆ ಪುಟಗಳಿಗೆ ಸ್ವಂತ ವಿದ್ಯುತ್ ಸುರಿದು ಮುದ್ರೆ ಒತ್ತಿದ ಗಣಿಗಾರರಿಗೆ ಅದು ಮೊದಲೇ ತಿಳಿಯುವ ದಾರಿ ಇರಲಿಲ್ಲ. 2024ರ ಹೊತ್ತಿಗೆ ಫೌಂಡ್ರಿ ಮತ್ತು ಆಂಟ್‌ಪೂಲ್ ಎಂಬ ಎರಡೇ ಪೂಲುಗಳ ಕೈಯಲ್ಲಿ ಜಾಲದ ಅರ್ಧದಷ್ಟು ಬ್ಲಾಕುಗಳು ತಯಾರಾಗುತ್ತಿದ್ದವು.

ಇದಕ್ಕೆ ಎದುರಾಗಿ ಬರುವ ವಾದ ಗಟ್ಟಿಯಾದದ್ದೇ. ಗಣಿಗಾರನಿಗೆ ಬಿಟ್ಟುಹೋಗುವ ಹಕ್ಕಿದೆಯಲ್ಲ, ಇನ್ನೇನು ಬೇಕು ಎನ್ನುತ್ತಾರೆ. 2014ರ ಜೂನ್‌ನಲ್ಲಿ ಜಿಹ್ಯಾಶ್ ಎಂಬ ಪೂಲ್ ಜಾಲದ ಅರ್ಧ ಬಲವನ್ನು ದಾಟಿದಾಗ ಜನ ಗಾಬರಿಯಾಗಿ ಬೇರೆಡೆಗೆ ಹೋದರು, ಪೂಲ್ ಶೇ. 40 ಮೀರುವುದಿಲ್ಲ ಎಂದು ಮಾತು ಕೊಟ್ಟಿತು. ನಿಜ. ಆದರೆ ಆಗ ಅಪಾಯ ಎಲ್ಲರ ಕಣ್ಣಿಗೂ ಕಾಣುವ ಒಂದು ಸಂಖ್ಯೆಯಾಗಿತ್ತು. ಪುಟದೊಳಗಿಂದ ಬಿಟ್ಟುಹೋದ ಒಂದು ಸಾಲು ಹಾಗೆ ಕಾಣುವುದಿಲ್ಲ. ಕಾಣದ್ದರಿಂದ ಬಿಟ್ಟುಹೋಗುವುದು ಹೇಗೆ? ಸೋಲೋ ಸರ್ವರುಗಳು ಇಷ್ಟು ಚಿಕ್ಕವು, ಅವುಗಳಿಂದ ಜಾಲಕ್ಕೆ ಏನಾದೀತು ಎಂಬ ಇನ್ನೊಂದು ಮಾತನ್ನು ನಾನು ಒಪ್ಪುತ್ತೇನೆ. ಇಂದಿನ ಮಟ್ಟಿಗೆ ಅವುಗಳಿಂದ ಯಾವ ಕೇಡೂ ಇಲ್ಲ. ಆದರೆ ಸ್ವತಂತ್ರವಾಗಿರಬೇಕೆಂದೇ ನಷ್ಟ ಸಹಿಸಿ ಬಂದವನು ತೀರ್ಮಾನದ ಭಾಗವನ್ನು ಮಾತ್ರ ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗುವುದು ನನಗೆ ಬೇಸರ ತರುತ್ತದೆ. ಅವನಿಗೆ ಒಡೆಯನಿಂದ ಹಣದ ಖಾತರಿ ಬೇಕಿಲ್ಲ. ಹಂಚಿಕೆಯೂ ಬೇಕಿಲ್ಲ. ಹಾಗಿರುವಾಗ ಪುಟ ಬರೆಯುವ ಕೆಲಸವನ್ನು ತಾನೇ ಮಾಡಿಕೊಳ್ಳಲು ಅವನಿಗಿಂತ ಹೆಚ್ಚು ಸ್ವತಂತ್ರರು ಯಾರಿದ್ದಾರೆ?

ಅಡ್ಡಿ ಇರುವುದು ಶ್ರಮದಲ್ಲಿ. ಸ್ವಂತ ನೋಡ್, ಅಂದರೆ ಪುಸ್ತಕವನ್ನು ತಾನೇ ಪರೀಕ್ಷಿಸುವ ತಂತ್ರಾಂಶ, ನಡೆಸಬೇಕು, ಪುಸ್ತಕವನ್ನೆಲ್ಲ ಒಮ್ಮೆ ತರಿಸಿ ಪರೀಕ್ಷಿಸಬೇಕು, ಗೆದ್ದ ಕ್ಷಣ ಬ್ಲಾಕ್ ಬೇಗ ಹರಡುವಂತೆ ಸಂಪರ್ಕ ಚೆನ್ನಾಗಿರಬೇಕು. ದೊಡ್ಡ ಪೂಲುಗಳಿಗೂ ದಾರಿ ಹುಡುಕುವ ಪ್ರಯತ್ನ ನಡೆದಿದೆ. ಸ್ಟ್ರಾಟಮ್‌ನ ಎರಡನೆಯ ಆವೃತ್ತಿಯಲ್ಲೂ 2024ರಲ್ಲಿ ಓಷನ್ ಪೂಲ್ ತಂದ ಡೇಟಮ್ ಎಂಬ ಏರ್ಪಾಡಿನಲ್ಲೂ ಪುಟವನ್ನು ಗಣಿಗಾರನೇ ಕಟ್ಟಬಹುದು. ಒಂಟಿಯವನಿಗೆ ಅದಕ್ಕೂ ಕಾಯುವ ಅಗತ್ಯವಿಲ್ಲ.

ನಿಮ್ಮ ಮೇಜಿನ ಮೇಲೂ ಅಂಥದೊಂದು ಪುಟ್ಟ ಯಂತ್ರ ಮಿನುಗುತ್ತಿದ್ದರೆ, ಮೊದಲ ಕೆಲವು ತಿಂಗಳು ಹಂಚಿಕೆಯ ಸರ್ವರಿನಲ್ಲೇ ಓಡಿಸಿ, ಕಲಿಯಿರಿ. ಆಮೇಲೆ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ಕೋರ್ ಎಂಬ ನೋಡ್ ತಂತ್ರಾಂಶ ಹಾಕಿ. ಹಳೆಯ ಬ್ಲಾಕುಗಳನ್ನು ಕತ್ತರಿಸುತ್ತ ಹೋಗುವ ಸೌಲಭ್ಯ ಅದರಲ್ಲಿದೆ, ದೊಡ್ಡ ಡಿಸ್ಕ್ ಬೇಕಾಗುವುದಿಲ್ಲ. ಕೊಲಿವಾಸ್ ಅವರ ಸಿಕೆಪೂಲ್ ತಂತ್ರಾಂಶ ಮುಕ್ತವಾಗಿ ಸಿಗುತ್ತದೆ. ಅದನ್ನೂ ಅಲ್ಲೇ ಹಾಕಿ, ಯಂತ್ರದಲ್ಲಿ ಸರ್ವರಿನ ವಿಳಾಸ ಬದಲಿಸಿ ನಿಮ್ಮ ಮನೆಯದನ್ನೇ ಬರೆಯಿರಿ.