ನಾದ ನೋಡಿ ಪಿಯಾನೊ ಕೊಂಡದ್ದು

“ಅಲ್ಲರೀ, ಎರಡು ಕೋಣೆಯ ಮನೆಯಲ್ಲಿ ಪಿಯಾನೊ ಇಟ್ಟರೆ ನೀವೆಲ್ಲಿ ಮಲಗುತ್ತೀರಿ?” ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಗೆಳತಿಯೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಬಾಯಲ್ಲಿ ಹೋಳಿಗೆ ಇದ್ದುದರಿಂದ ಆಗ ಉತ್ತರ ಕೊಡಲಾಗಲಿಲ್ಲ. ಈ ಸಂಚಿಕೆಯಲ್ಲಿ ಕೊಡುತ್ತಿದ್ದೇನೆ.

ಮಯೂರ್ ವಿಹಾರದ ಮೊದಲನೆಯ ಫೇಸಿನಲ್ಲಿ, ಮೂರನೆಯ ಮಹಡಿಯಲ್ಲಿ ನಮ್ಮ ವಾಸ. ಮಗಳು ಐದು ವರ್ಷ ವಿದ್ಯುತ್ತಿನ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡಿದಳು. ಇನ್ನು ಮುಂದೆ ಬೆರಳಿಗೆ ತೂಕ ಬರಬೇಕಾದರೆ ನಿಜವಾದ ಪಿಯಾನೊ ಬೇಕೆಂದು ಅವಳ ಗುರುಗಳು ಹೇಳಿ ಕಳುಹಿಸಿದರು. ಬೆಲೆ ಕೇಳಿ ನಮ್ಮ ಯಜಮಾನರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಆಗ ಅತ್ತೆಯವರು, ತಮ್ಮ ಔಷಧೋಪಚಾರಕ್ಕೆಂದು ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯ ಕಾಗದವನ್ನು ತಂದು ಮೇಜಿನ ಮೇಲಿಟ್ಟರು. “ಕೊಳ್ಳುವುದಾದರೆ ನಾದ ನೋಡಿ ಕೊಳ್ಳಿ, ಮೈಬಣ್ಣ ನೋಡಿ ಅಲ್ಲ” ಎಂದಷ್ಟೇ ಅವರ ಮಾತು. ಅಂಥ ಹಣದಲ್ಲಿ ತಪ್ಪು ವಸ್ತುವನ್ನು ತಂದರೆ ಮುಖ ತೋರಿಸುವುದು ಹೇಗೆ? ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅತ್ತೆಯವರು ಮೈಸೂರಿನವರು, ಹುಡುಗಿಯಾಗಿದ್ದಾಗ ವೀಣೆ ಕಲಿತವರು. ಪಿಯಾನೊ ಎಂದರೆ ಅವರಿಗೆ ಪರದೇಶದ ಭೂತವೇನೂ ಅಲ್ಲ. ಜಯಚಾಮರಾಜ ಒಡೆಯರು (1919–1974) ಪಿಯಾನೊ ವಾದನದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿದ್ದಾಗ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಒದಗಿಸಿದವರು ಇವರು. ಅವನು ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅದೇ ಮಹಾರಾಜರು ಕರ್ನಾಟಕ ಪದ್ಧತಿಯಲ್ಲಿ 94 ಕೃತಿಗಳನ್ನೂ ರಚಿಸಿದರು. “ಅರಮನೆಯಲ್ಲಿ ಎರಡೂ ಒಂದೇ ಸೂರಿನಡಿ ಇದ್ದವು, ನಮ್ಮ ಮನೆಯಲ್ಲಿ ಇರಬಾರದೇನು?” ಎಂದು ಅತ್ತೆಯವರ ವಾದ. ಅರಮನೆಯ ಸೂರು ಎಷ್ಟು ದೊಡ್ಡದೆಂಬುದನ್ನು ನಾನು ನೆನಪಿಸಲಿಲ್ಲ.

ಮೊದಲು ಹೋದದ್ದು ಒಂದು ದೊಡ್ಡ ಅಂಗಡಿಗೆ. ನೆಲಕ್ಕೆ ದಪ್ಪ ಜಮಖಾನೆ, ಗೋಡೆಗೆ ಪರದೆ. ಅಲ್ಲಿ ಕನ್ನಡಿಯಂತೆ ಹೊಳೆಯುವ ಕರಿಯ ಪಿಯಾನೊ ಒಂದನ್ನು ಮುಟ್ಟಿದರೆ ಸಾಕು, ಗಿಲಿಗಿಲಿ ನಗುವ ನಾದ. ಮಗಳು ಅಲ್ಲೇ ಸೋತಳು; ನಾನೂ ಸೋತೆ. ಅತ್ತೆಯವರು ಮಾತ್ರ ಕಣ್ಣು ಮುಚ್ಚಿ ಕೇಳಿ, “ಇದನ್ನು ನಮ್ಮ ಮೊಸಾಯಿಕ್ ನೆಲದ ಹಜಾರದಲ್ಲಿಟ್ಟರೆ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ” ಎಂದರು. ಮಾತು ಸರಿ. ಬರಿಯ ಕಲ್ಲುನೆಲ, ಸುಣ್ಣದ ಗೋಡೆ, ಗಾಜಿನ ಕಿಟಕಿ ಇವೆಲ್ಲ ಏರುಧ್ವನಿಯನ್ನು ಹಿಂದಕ್ಕೆಸೆಯುತ್ತವೆ. ಜಮಖಾನೆಯೂ ಪರದೆಯೂ ಅದನ್ನು ನುಂಗುತ್ತವೆ. ಅಂಗಡಿಯಲ್ಲಿ ಕೇಳಿದ ನಾದ ಅರ್ಧ ಪಿಯಾನೊದ್ದಾದರೆ ಅರ್ಧ ಅಂಗಡಿಯದು. ಕೊಳ್ಳುವವರು ತಮ್ಮ ಮನೆಯ ಹಜಾರವನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಹೋಗಬೇಕು.

ಎರಡನೆಯದು ಹಳೆಯ ಇಂಗ್ಲಿಷ್ ಪಿಯಾನೊ. ಮೇಣದ ಬತ್ತಿ ನಿಲ್ಲಿಸುವ ಹಿತ್ತಾಳೆಯ ತೋಳುಗಳು, ಕೆತ್ತನೆಯ ಮುಂಬಾಗಿಲು! ಬೆಲೆಯೂ ಅಗ್ಗ. ಮುಂಗಡ ಕೊಡಲು ಯಜಮಾನರು ಕೈ ಜೇಬಿಗೆ ಹಾಕಿಯೇ ಬಿಟ್ಟಿದ್ದರು. ಪುಣ್ಯಕ್ಕೆ, ಪಿಯಾನೊ ಶ್ರುತಿ ಮಾಡುವ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದಿದ್ದೆವು. ಅವರು ಮೇಲಿನ ಮುಚ್ಚಳ ತೆಗೆದು, ಕೀಲಿಯಿಂದ ನಾಲ್ಕು ಬಿರಡೆ ತಿರುಗಿಸಿ ತಲೆಯಾಡಿಸಿದರು. ಬಿರಡೆಗಳು ಬೆಣ್ಣೆಯಲ್ಲಿ ನೆಟ್ಟಂತೆ ತಿರುಗುತ್ತಿದ್ದವು. ಪಿಯಾನೊದಲ್ಲಿ ಸುಮಾರು 230 ತಂತಿಗಳು. ಅವೆಲ್ಲ ಸೇರಿ ಎಳೆಯುವ ಬಲ 15ರಿಂದ 20 ಟನ್ನಿನಷ್ಟು. ಇದನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ಆದರೆ ಬಿರಡೆಯನ್ನು ಬಿಗಿಹಿಡಿಯುವುದು ಮರ. ಆ ಮರ ಸಡಿಲಿದರೆ ಈ ಹೊತ್ತು ಮಾಡಿದ ಶ್ರುತಿ ನಾಳಿದ್ದಿಗಿಲ್ಲ. ಒಳಗೆ ನುಸಿ ತಿಂದ ಉಣ್ಣೆಯೂ ಇತ್ತು. ಹಿತ್ತಾಳೆಯ ತೋಳುಗಳಿಗೆ ನಮಸ್ಕಾರ ಹೇಳಿ ಹೊರಬಂದೆವು.

ಮೂರನೆಯದು ನೊಯ್ಡಾದಲ್ಲಿ, ಊರು ಬಿಡುತ್ತಿದ್ದ ಒಂದು ಸಂಸಾರದ ಮನೆಯಲ್ಲಿ ಸಿಕ್ಕಿತು. ಜಪಾನಿನದು, ನೆಟ್ಟಗೆ ನಿಲ್ಲುವ ಜಾತಿ, ಎತ್ತರ 121 ಸೆಂಟಿಮೀಟರ್. ಎತ್ತರ ಏಕೆ ಮುಖ್ಯವೆಂದರೆ, ಎತ್ತರವಿದ್ದಷ್ಟೂ ಮಂದ್ರದ ತಂತಿ ಉದ್ದವಾಗುತ್ತದೆ, ನಾದಫಲಕವೂ ಅಗಲವಾಗುತ್ತದೆ. ಗಿಡ್ಡ ಪಿಯಾನೊದಲ್ಲಿ ಕೆಳಗಿನ ಸ್ವರಗಳು ಡಬ್ಬ ಬಡಿದಂತೆ ಕೇಳುವುದು ಇದರಿಂದಲೇ. ಒಳಗೆ ಕೊರೆದಿರುವ ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನೂ ತಿಳಿಯಬಹುದು. ಹಳೆಯದನ್ನು ಕೊಳ್ಳುವವರು ಇದನ್ನು ಮರೆಯಬಾರದು.

ಇಲ್ಲಿ ಶ್ರುತಿಯವರು ನಮಗೆ ಕೇಳುವ ಕ್ರಮವನ್ನೇ ಕಲಿಸಿದರು. ಮಗಳು ತನಗೆ ಬರುವ ಅತಿ ವೇಗದ ಪಾಠವನ್ನು ನುಡಿಸಹೊರಟಾಗ ತಡೆದು, “ಒಂದೇ ಸ್ವರ ಒತ್ತಿ ಹಿಡಿದುಕೊ, ಮಗೂ” ಎಂದರು. ನಡುಸ್ಥಾಯಿಯ ಸ್ವರ ಎಷ್ಟು ಹೊತ್ತು ಉಳಿಯುತ್ತದೆ, ಆರುವಾಗ ಒಂದೇ ಸಮನೆ ಆರುತ್ತದೆಯೋ ಅಥವಾ ನಡುವೆ ಕುಂಟುತ್ತದೆಯೋ ಎಂದು ಆಲಿಸಬೇಕು. ಅದೇ ಸ್ವರವನ್ನು ಬಹಳ ಮೆತ್ತಗೆ, ಆಮೇಲೆ ಗಟ್ಟಿಯಾಗಿ ನುಡಿಸಬೇಕು. ಮೆತ್ತಗೆ ನುಡಿಸಿದಾಗಲೂ ನಾದ ತುಂಬಿರಬೇಕು, ಗಟ್ಟಿಯಾಗಿ ನುಡಿಸಿದಾಗ ಕಿರುಚಬಾರದು. ಬಳಿಕ ಎಡಗಡೆಗೆ ಒಂದೊಂದೇ ಮನೆ ಇಳಿಯುತ್ತ ಹೋಗಬೇಕು. ಬರಿಯ ಉಕ್ಕಿನ ತಂತಿ ಮುಗಿದು ತಾಮ್ರ ಸುತ್ತಿದ ತಂತಿ ಮೊದಲಾಗುವ ಎಡೆಯಲ್ಲಿ ಧ್ವನಿಯ ಜಾತಿಯೇ ಬದಲಾದಂತೆ ಕೇಳಿದರೆ ಅದು ಕೊರತೆ. ಬಲತುದಿಯಲ್ಲಿ ಸ್ವರಕ್ಕಿಂತ ಮರದ ‘ಟಕ್’ ಹೆಚ್ಚಾಗಿ ಕೇಳಿಸಿದರೂ ಹಾಗೆಯೇ.

ನೊಯ್ಡಾದ್ದು ಇವೆಲ್ಲದರಲ್ಲಿ ಗೆದ್ದಿತು. ಒಂದೇ ದೂರು: ನಾದ ಸ್ವಲ್ಪ ಗಡಸು. ವರ್ಷಗಟ್ಟಲೆ ತಂತಿಗೆ ಬಡಿದು ಬಡಿದು ಸುತ್ತಿಗೆಯ ಉಣ್ಣೆ ಗಟ್ಟಿಯಾಗಿರುತ್ತದಂತೆ. ಅದನ್ನು ತೆಳುವಾಗಿ ಉಜ್ಜಿ, ಸೂಜಿಯಿಂದ ಚುಚ್ಚಿ ಸಡಿಲಿಸಿದರೆ ಧ್ವನಿ ಮೃದುವಾಗುತ್ತದೆಂದು ಹಿರಿಯರು ಹೇಳಿದರು. “ಓ, ತಂಬೂರಿಯ ಜೀವಾಳಿ ಕೂಡಿಸಿದ ಹಾಗೆ!” ಎಂದು ಅತ್ತೆಯವರು ಎದ್ದು ನಿಂತರು. ಕುದುರೆಯ ಮೇಲಿನ ದಾರವನ್ನು ಕೂದಲೆಳೆಯಷ್ಟು ಸರಿಸಿ ನಾದ ಬಿಡಿಸಿದ ಕೈಗೆ ಇದು ಹೊಸದಲ್ಲ. ಗಡಸನ್ನು ಸೂಜಿ ತಗ್ಗಿಸಬಲ್ಲದು. ಸತ್ತ ನಾದಫಲಕವನ್ನು ಯಾವ ಸೂಜಿಯೂ ಎಬ್ಬಿಸಲಾರದು. ವ್ಯಾಪಾರ ಅಲ್ಲಿಯೇ ಮುಗಿಯಿತು.

ತಂದದ್ದೊಂದು ಪ್ರಹಸನ. ಸುಮಾರು ಎರಡೂಕಾಲು ಕ್ವಿಂಟಲ್ ತೂಕ. ನಮ್ಮ ಲಿಫ್ಟಿನ ಬಾಗಿಲು ನೋಡಿಯೇ ಹಮಾಲರು ನಕ್ಕರು. ಆರು ಜನ ಮೆಟ್ಟಿಲ ಮೇಲೆ ಹೊತ್ತು ತರುವಾಗ ಮಹಡಿ ಮಹಡಿಗೂ ಬಾಗಿಲು ತೆರೆದು ನೋಡುವವರು ಬೇರೆ! ಕಿಟಕಿಯ ಬಿಸಿಲು, ಕೂಲರಿನ ತೇವದ ಗಾಳಿ ಎರಡೂ ತಗಲದ ಒಳಗೋಡೆಗೆ ಅದನ್ನಿಟ್ಟೆವು. ದಿಲ್ಲಿಯ ಹವೆ ಈ ವಾದ್ಯಕ್ಕೆ ಮಲತಾಯಿ. ಮೇ ತಿಂಗಳ ಲೂ ಬೀಸಿದಾಗ ಮರ ಒಣಗಿ ಶ್ರುತಿ ಇಳಿಯುತ್ತದೆ. ಶ್ರಾವಣದಲ್ಲಿ ಮರ ಉಬ್ಬಿ ಏರುತ್ತದೆ. ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡಿಸುವ ಖರ್ಚನ್ನು ಬೆಲೆಯ ಜೊತೆಗೇ ಲೆಕ್ಕ ಹಿಡಿಯಬೇಕು. ಇದೆಲ್ಲ ತಮಗಾಗದು ಎನ್ನುವವರು ತೂಕದ ಮನೆಗಳಿರುವ ಡಿಜಿಟಲ್ ಪಿಯಾನೊ ಕೊಂಡರೆ ಅದರಲ್ಲಿ ಅವಮಾನವೇನೂ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯಲ್ಲೂ ನುಡಿಸಬಹುದು.

ಮೊದಲ ಸಲ ಶ್ರುತಿ ಮುಗಿದ ಮೇಲೆ ಅತ್ತೆಯವರು ಷಡ್ಜ, ಗಾಂಧಾರ, ಪಂಚಮ ಒತ್ತಿಸಿ ಕೇಳಿದರು. “ಗಾಂಧಾರ ಒಂದು ಚೂರು ಏರಿದೆಯಲ್ಲ?” ಎಂದರು. ಶ್ರುತಿಯವರು ಬೆರಗಾಗಿ ಕೈ ಮುಗಿದರು. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಆ ಗಾಂಧಾರ ನಮ್ಮ ತಂಬೂರಿಯಲ್ಲಿ ಹುಟ್ಟುವ ಗಾಂಧಾರಕ್ಕಿಂತ ಏರಿಯೇ ಇರುತ್ತದೆ. ಅದು ವಾದ್ಯದ ಕಟ್ಟಳೆ, ತಿದ್ದುವಂತಿಲ್ಲ. “ಹಾಗಿದ್ದರೆ ಅದರ ಪಾಡಿಗೆ ಅದು ಇರಲಿ” ಎಂದು ಅವರು ಒಪ್ಪಿದರು.

ಗೆಳತಿಯ ಪ್ರಶ್ನೆ ಉಳಿಯಿತು. ಅತ್ತೆಯವರ ಮಂಚ ಪಿಯಾನೊದಿಂದ ನಾಲ್ಕು ಮಾರು ದೂರದಲ್ಲಿದೆ. ಒಂಬತ್ತು ಗಂಟೆಯ ಮೇಲೆ ಮಗಳು ನಡುವಣ ಪೆಡಲ್ ಒತ್ತಿ, ತಂತಿಗೂ ಸುತ್ತಿಗೆಗೂ ನಡುವೆ ಉಣ್ಣೆಯ ಪಟ್ಟಿ ಇಳಿಸಿ ನುಡಿಸುತ್ತಾಳೆ. ಶ್ರುತಿಯವರು ಮಳೆಗಾಲ ಕಳೆದು ನವೆಂಬರಿನಲ್ಲಿ ಮತ್ತೆ ಬರುತ್ತಾರೆ. ಅಂದು ತಂಬೂರಿಯ ಗವಸೂ ಬಿಚ್ಚಬೇಕೆಂದು ಅತ್ತೆಯವರು ಜೀವಾಳಿಗೆ ಹೊಸ ದಾರವನ್ನು ಈಗಲೇ ತೆಗೆದಿಟ್ಟಿದ್ದಾರೆ.