ಎಂಟು ಗುಂಡಿ, ಐದು ತಂತಿ

1990ರ ದಶಕದಲ್ಲಿ ಹಿರಿಯಡ್ಕ, ಕಾರ್ಕಳ, ಕಾಪು ಕಡೆಯ ಮನೆಗಳಿಗೆ ವೀಡಿಯೋ ಗೇಮ್ ಬಂದದ್ದು ಹೆಚ್ಚಾಗಿ ಮುಂಬಯಿಯಿಂದಲೋ ಗಲ್ಫಿನಿಂದಲೋ ರಜೆಗೆ ಬಂದವರ ಪೆಟ್ಟಿಗೆಯಲ್ಲಿ. ಟಿವಿಗೆ ಜೋಡಿಸಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಆ ಯಂತ್ರಗಳಲ್ಲಿ ಅನೇಕವು ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲುಗಳು. ಯಂತ್ರ ಕೆಟ್ಟು ಮೂಲೆ ಸೇರಿದರೂ ಅದರ ಕಂಟ್ರೋಲರ್, ಅಂದರೆ ಮಕ್ಕಳ ಬಾಯಿಯ 'ರಿಮೋಟ್', ಕೆಲವು ಅಟ್ಟಗಳಲ್ಲಿ ಇನ್ನೂ ಬಿದ್ದಿರುತ್ತದೆ. ಗುಜರಿಗೆ ಹಾಕುವ ಮೊದಲು ಅದನ್ನೊಮ್ಮೆ ಬಿಚ್ಚಿ ನೋಡಿ. ಯಂತ್ರದಿಂದ ಕಳಚಿದ ಈ ಹಳೆಯ ಕಂಟ್ರೋಲರಿನಲ್ಲಿ ವಿದ್ಯುತ್ ಇರುವುದಿಲ್ಲ, ಹೆದರಬೇಕಾಗಿಲ್ಲ. ಆದರೆ ಟಿವಿಯನ್ನೂ ಅಡಾಪ್ಟರನ್ನೂ ಮಕ್ಕಳು ತೆರೆಯಲೇಕೂಡದು.

ಗುಂಡಿಯ ಕೆಳಗೆ ಸ್ಪ್ರಿಂಗ್ ಇದೆಯೆಂದು ಭಾವಿಸಿದವರಿಗೆ ಅಲ್ಲಿ ಕಾಣುವುದು ರಬ್ಬರಿನ ಒಂದು ಚಿಕ್ಕ ಗುಮ್ಮಟ. ಅದರ ಒಳಮೈಯಲ್ಲಿ ಇಂಗಾಲ ಬೆರೆಸಿದ ಕಪ್ಪು ಬಿಲ್ಲೆ. ಒತ್ತಿದಾಗ ಆ ಬಿಲ್ಲೆ ಕೆಳಗಿನ ಹಲಗೆಯ ಎರಡು ಗೆರೆಗಳನ್ನು ಜೋಡಿಸುತ್ತದೆ, ಮಂಡಲ ಪೂರ್ಣವಾಗುತ್ತದೆ. ಇಂಗಾಲ ವಿದ್ಯುತ್ ವಾಹಕವೆಂದು ಪಾಠದಲ್ಲಿ ಓದಿದ್ದೀರಲ್ಲ? ಮನೆಯ ಟಿವಿ ರಿಮೋಟಿನಲ್ಲಿ ಇರುವುದೂ ಇದೇ ಉಪಾಯ.

ಈಗ ತಂತಿಗಳನ್ನು ಎಣಿಸಿ. ಗುಂಡಿಗಳು ಎಂಟು: ಎ, ಬಿ, ಸೆಲೆಕ್ಟ್, ಸ್ಟಾರ್ಟ್ ಮತ್ತು ನಾಲ್ಕು ದಿಕ್ಕುಗಳು. ಕೆಲಸ ಮಾಡುವ ತಂತಿಗಳು ಐದೇ. ಅವುಗಳಲ್ಲೂ ಎರಡು ವಿದ್ಯುತ್ ಪೂರೈಕೆಗೆ ಹೋದವು. ಉಳಿದ ಮೂರರಲ್ಲಿ ಎಂಟು ಗುಂಡಿಗಳ ಸುದ್ದಿ ಸಾಗುವುದು ಹೇಗೆ? ತರಗತಿಯಲ್ಲಿ ಹಾಜರಿ ಕರೆಯುವಂತೆ! ಒಂದು ತಂತಿಯಲ್ಲಿ ಯಂತ್ರ "ಎಲ್ಲರೂ ಇದ್ದಲ್ಲೇ ನಿಲ್ಲಿ" ಎನ್ನುತ್ತದೆ. ಆ ಕ್ಷಣದಲ್ಲಿ ಯಾವ ಗುಂಡಿ ಒತ್ತಿದೆ, ಯಾವುದು ಇಲ್ಲ ಎಂಬುದನ್ನು ಶಿಫ್ಟ್ ರಿಜಿಸ್ಟರ್ ಎಂಬ ಚಿಪ್ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ತಂತಿಯಲ್ಲಿ ಯಂತ್ರ ಒಂದೊಂದೇ ನಂಬರ್ ಕರೆಯುತ್ತದೆ; ಮೂರನೆಯದರಲ್ಲಿ ಸರದಿಯಂತೆ ಉತ್ತರ ಬರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಅಥವಾ 60 ಸಲ ಈ ಹಾಜರಿ ನಡೆಯುತ್ತದೆ. ಯಾವ ಮೇಷ್ಟ್ರಿಗೂ ಸಾಧ್ಯವಾಗದ ವೇಗ. ನಕಲು ಕಂಟ್ರೋಲರುಗಳಲ್ಲಿ ಈ ಚಿಪ್ ಹೆಚ್ಚಾಗಿ ಡಾಂಬರಿನ ಹನಿಯಂಥ ಕಪ್ಪು ಅಂಟಿನೊಳಗೆ ಅಡಗಿರುತ್ತದೆ.

ಎಡಗಡೆಯ ಕೂಡಿಸುವ ಚಿಹ್ನೆಯಾಕಾರದ ಗುಂಡಿ ಗುನ್‌ಪೆಯ್ ಯೊಕೊಯ್ ಎಂಬವರ ಕೊಡುಗೆ. 1965ರಲ್ಲಿ ನಿಂಟೆಂಡೊದ ಕಾರ್ಖಾನೆಗೆ ಅವರು ಸೇರಿದ್ದು ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳಲು. 1982ರಲ್ಲಿ ಅಂಗೈ ಮೇಲಿನ ಒಂದು ಆಟಕ್ಕೆ ಈ ಗುಂಡಿ ಬಂತು. ಅದರ ನಡುವೆ, ಕೆಳಗಡೆ ಒಂದು ಉಬ್ಬು ಇದೆ. ಅದೇ ಆಧಾರಬಿಂದು. ಎಡ ತಗ್ಗಿದರೆ ಬಲ ಏಳುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ತಗಲುವುದಿಲ್ಲ. ಪಾರ್ಕಿನ ಸೀಸಾ ಅಷ್ಟೆ. ಕಣ್ಣು ಪರದೆಯ ಮೇಲಿದ್ದರೂ ಹೆಬ್ಬೆರಳಿಗೆ ದಿಕ್ಕು ತಿಳಿಯುತ್ತದೆ.

ನಮ್ಮ ಊರಿನ ಆಟಿ ತಿಂಗಳ ತೇವ ಈ ಸಂಪರ್ಕಗಳಿಗೆ ಶತ್ರು. ಗುಂಡಿ 'ಕೆಟ್ಟಿದೆ' ಎನ್ನುವಾಗ ಎಷ್ಟೋ ಸಲ ಕೆಟ್ಟಿರುವುದೇನೂ ಇಲ್ಲ, ಬಿಲ್ಲೆಗೆ ಕೊಳೆ ಹಿಡಿದಿರುತ್ತದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಮೆಲ್ಲಗೆ ಒರೆಸಿ, ಒಣಗಿಸಿ ಜೋಡಿಸಿದರೆ ಬಹಳಷ್ಟು ಸಲ ಸರಿಯಾಗುತ್ತದೆ.

ಹೊಸ ಕಂಟ್ರೋಲರುಗಳ ಕಥೆ ಇಷ್ಟು ಸುಲಭವಲ್ಲ. 1996ರ ನಿಂಟೆಂಡೊ 64, 1997ರ ಸೋನಿ ಡ್ಯುಯಲ್‌ಶಾಕ್ ಬಂದ ಮೇಲೆ ಹೆಬ್ಬೆರಳಿನ ಪುಟ್ಟ ಕೋಲು ಎಲ್ಲೆಡೆ ಹಬ್ಬಿತು. ಎಷ್ಟು ಬಾಗಿಸಿದೆ ಎಂಬುದನ್ನೂ ಅದು ತಿಳಿಸುತ್ತದೆ. ಈಗಿನ ಹೆಚ್ಚಿನ ಕೋಲುಗಳ ಬುಡದಲ್ಲಿರುವುದು ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯಂಥ ಬದಲಾಗುವ ರೋಧಕ. ಇಂಗಾಲದ ಪಟ್ಟಿ ಉಜ್ಜಿ ಸವೆದಾಗ, ಮುಟ್ಟದಿದ್ದರೂ ಪರದೆಯ ಆಟಗಾರ ನಡೆಯತೊಡಗುತ್ತಾನೆ. ಉಜ್ಜುವಿಕೆಯೇ ಬೇಡವೆಂದರೆ ಅಯಸ್ಕಾಂತವಿದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಸೆಗಾ ಕಂಪೆನಿ ತನ್ನ ಡ್ರೀಮ್‌ಕಾಸ್ಟ್‌ನ ಕೋಲಿಗೆ 1998ರಲ್ಲೇ ಬಳಸಿತ್ತು. ಹೀಗಿದ್ದೂ ದುಬಾರಿ ಬೆಲೆಯ ಹೊಸ ಕಂಟ್ರೋಲರುಗಳಲ್ಲಿ ಸವೆಯುವ ಪಟ್ಟಿಯನ್ನೇ ಇಟ್ಟು, ಬಿಚ್ಚಲಾಗದಂತೆ ಬೆಸುಗೆ ಹಾಕುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವೇ ಸರಿ.

ತಂತಿಯಿಲ್ಲದವುಗಳಲ್ಲಿ ಲಿಥಿಯಂ ಬ್ಯಾಟರಿ ಇರುವುದರಿಂದ ಅವನ್ನು ಬಲ್ಲವರೇ ತೆರೆಯಬೇಕು. ಆದರೆ ಪರೀಕ್ಷೆಯನ್ನು ಯಾರೂ ಮಾಡಬಹುದು. "ತಾನಾಗಿಯೇ ಎಡಕ್ಕೆ ಹೋಗುತ್ತದೆ" ಎಂದು ಮಗ ದೂರಿದರೆ ಸೋತವನ ನೆಪವೆಂದು ಗದರಬೇಡಿ. ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಕೈ ತೆಗೆದು, ಇಬ್ಬರೂ ಒಂದು ನಿಮಿಷ ಪರದೆ ನೋಡಿ.