ಅವ್ವನ ಮೊಣಕಾಲು ಆ್ಯಪ್‌ಗೆ ಗೊತ್ತಿಲ್ಲ

'ಬೈಪಾಸಿನ್ಯಾಗ ಇಳದೀವಿ. ನಿನ್ನ ಮೊಬೈಲ್ ಹೇಳಿದಂಗ ನಡ್ಕೊಂತ ಹೊಂಟೀವಿ ನೋಡವಾ.'

ಅಪ್ಪ ಹೀಗೆ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ, ಮೀಟಿಂಗ್ ಮಧ್ಯೆ. ಮೇ ತಿಂಗಳು, ಬೆಳಿಗ್ಗೆ ಹನ್ನೊಂದರ ಬಿಸಿಲು. ಅವ್ವನ ಮೊಣಕಾಲು ತೋರಿಸೋಕೆ ಇಬ್ಬರೂ ಹಲಗೇರಿಯಿಂದ ದಾವಣಗೆರೆಗೆ ಹೊರಟಿದ್ದರು. ಹಿಂದಿನ ರಾತ್ರಿ ನಾನೇ ಒಂದು ಆ್ಯಪ್‌ನಲ್ಲಿ ದಾರಿ ಹುಡುಕಿ ಸ್ಕ್ರೀನ್‌ಶಾಟ್ ಕಳಿಸಿದ್ದೆ: ರಾಣೇಬೆನ್ನೂರಿಂದ ಈ ಬಸ್ಸು, ಇಲ್ಲಿ ಇಳಿಯಿರಿ, 14 ನಿಮಿಷ ನಡಿಗೆ, ಆಸ್ಪತ್ರೆ. ಮಗಳಾಗಿ ದೊಡ್ಡ ಕೆಲಸ ಮುಗಿಸಿದ ಸಮಾಧಾನದಲ್ಲಿ ಮಲಗಿದ್ದೆ.

ಆ 14 ನಿಮಿಷದ ನಡಿಗೆಗೆ ಅವ್ವನಿಗೆ ಹಿಡಿದದ್ದು ಐವತ್ತು ನಿಮಿಷ. ಒಂದು ಕಡೆ ಮೋರಿ ಕಟ್ಟೆ ಮೇಲೆ ಕೂತಳಂತೆ, ಇನ್ನೊಂದು ಕಡೆ ಚಹಾದಂಗಡಿ ಬೆಂಚಿನ ಮೇಲೆ. ಆಟೋ ಮಾಡೋಣ ಅಂದ್ರೆ, 'ಇಲ್ಲೇ ಐತೆಂತ ಮಗಳು ಹೇಳ್ಯಾಳ, ಸುಮ್ನ ರೊಕ್ಕ ಯಾಕ' ಅಂದಳಂತೆ. ಮುಟ್ಟೋ ಹೊತ್ತಿಗೆ ಇವರ ಪಾಳಿ ದಾಟಿ ಡಾಕ್ಟರ್ ಎದ್ದು ಹೋಗಿದ್ದರು. ಮತ್ತೊಂದು ವಾರ ಕಾಯಬೇಕಾಯಿತು. ಅವ್ವ ಫೋನಿನಲ್ಲಿ ನನಗೆ ಹೇಳಿದ್ದು 'ಡಾಕ್ಟ್ರು ಸಿಗಲಿಲ್ಲ, ಅಷ್ಟ' ಅಂತ ಮಾತ್ರ. ಉಳಿದದ್ದನ್ನು ಎರಡು ದಿನ ಬಿಟ್ಟು ಅಪ್ಪ ಹೇಳಿದ್ರು, ಅದೂ ಅವ್ವ ಹಿತ್ತಲಿಗೆ ಹೋದಾಗ.

ಆ ರಾತ್ರಿ ಅದೇ ಆ್ಯಪ್ ತೆಗೆದು, ಅದೇ ದಾರಿಯನ್ನು ಮತ್ತೆ ಹುಡುಕಿದೆ. ಈ ಸಲ ಆಪ್ಷನ್ಸ್ ಅನ್ನೋ ಬಟನ್ ಒತ್ತಿದೆ. ವರ್ಷಗಟ್ಟಲೆ ಬಳಸಿದ ಆ್ಯಪ್ ಅದು, ಆ ಬಟನ್ ಒತ್ತಿದ್ದು ಬಹುಶಃ ಎರಡನೇ ಸಲ. ಮೊದಲ ಸಲ ಒತ್ತಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮನೆಯಿಂದ ಆಫೀಸಿಗೆ ಬೇಗ ಮುಟ್ಟೋ ದಾರಿಗಾಗಿ. ಆವತ್ತು ನನ್ನ ಕಾಲಿಗೆ, ನನ್ನ ಅವಸರಕ್ಕೆ ತಕ್ಕಂತೆ ಇಟ್ಟಿದ್ದೆಲ್ಲ ಹಾಗೇ ಕೂತಿತ್ತು. ಅವ್ವನ ದಾರಿಯನ್ನು ನಾನು ನನ್ನ ಕಾಲಿನಲ್ಲಿ ಹುಡುಕಿದ್ದೆ.

ಇಂಥ ತಂತ್ರಾಂಶ ಲೆಕ್ಕ ಹಾಕೋದು ಹೇಗೆ ಅಂತ ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಓಪನ್ ಟ್ರಿಪ್ ಪ್ಲಾನರ್ ಅಂತ ಒಂದಿದೆ. 2009ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಶುರುವಾದದ್ದು, ಈಗ ನಾರ್ವೆ, ಫಿನ್‌ಲ್ಯಾಂಡ್‌ನಂಥ ದೇಶಗಳ ಪ್ರಯಾಣದ ಆ್ಯಪ್‌ಗಳು ಇದರ ಮೇಲೇ ನಡೆಯುತ್ತವೆ. ಓಪನ್ ಸೋರ್ಸ್ ಆದ್ದರಿಂದ ಅದರ ಒಳಗಿನ ಅಂಕಿಗಳನ್ನು ಯಾರು ಬೇಕಾದರೂ ಓದಬಹುದು. ನಾವೇನೂ ಬದಲಿಸದಿದ್ದರೆ ಅದು ಮನುಷ್ಯನ ನಡಿಗೆಯನ್ನು ಸೆಕೆಂಡಿಗೆ 1.33 ಮೀಟರ್ ಅಂತ ಹಿಡಿಯುತ್ತದೆ. ಅಂದರೆ ಗಂಟೆಗೆ ಸುಮಾರು 4.8 ಕಿಲೋಮೀಟರ್. 14 ನಿಮಿಷಕ್ಕೆ 1,100 ಮೀಟರ್ ಮೇಲಾಯಿತು. ನಾನು ನಡೆಯಬಲ್ಲೆ, ನೀವೂ ನಡೆಯಬಲ್ಲಿರಿ. ಆದರೆ ಸವೆದ ಮೊಣಕಾಲು?

ಅದರಲ್ಲಿ ಇನ್ನೊಂದು ಅಂಕಿ ಇದೆ, ನನಗೆ ಬಹಳ ಹಿಡಿಸಿದ್ದು. ನಡೆಯೋಕೆ ಎಷ್ಟು ಬೇಸರ ಅನ್ನೋ ಅಂಕಿ. ಅದನ್ನು 2 ಅಂತ ಇಟ್ಟರೆ, ಒಂದು ನಿಮಿಷ ನಡೆಯೋದು ಬಸ್ಸಿನಲ್ಲಿ ಎರಡು ನಿಮಿಷ ಕೂತಷ್ಟು ಕಷ್ಟ ಅಂತ ಲೆಕ್ಕ. ಆಗ 14 ನಿಮಿಷದ ನಡಿಗೆಯ ಭಾರ 28 ನಿಮಿಷ. ಊರೊಳಗೆ ಸುತ್ತಿ, ನಿಲ್ಲಿಸಿ ನಿಲ್ಲಿಸಿ ಆಸ್ಪತ್ರೆ ಹತ್ತಿರ ಇಳಿಸೋ ಬಸ್ಸು ಅದಕ್ಕಿಂತ ಹೆಚ್ಚು ತಡ ಮಾಡೋದಾದರೆ ತಂತ್ರಾಂಶ ಬೈಪಾಸನ್ನೇ ಗೆಲ್ಲಿಸುತ್ತದೆ. ಅವ್ವನ ಮಟ್ಟಿಗೆ ಆ ಅಂಕಿ ಕಡಿಮೆ ಅಂದರೂ 10 ಇರಬೇಕು. ಆಗ ಅದೇ ನಡಿಗೆಯ ಭಾರ 140 ನಿಮಿಷ, ಬೈಪಾಸಿನ ಮಾತೇ ಏಳೋದಿಲ್ಲ.

ನಮ್ಮ ಕೈಯಲ್ಲಿರುವ ಆ್ಯಪ್‌ಗಳು ಈ ಅಂಕಿಗಳನ್ನು ನೇರವಾಗಿ ಮುಟ್ಟೋಕೆ ಕೊಡೋದು ಕಡಿಮೆ. ಅದರ ಬದಲು ಪದ ಕೊಡುತ್ತವೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬಸ್ಸಿನ ಚಿತ್ರ ಒತ್ತಿ ಆಪ್ಷನ್ಸ್‌ಗೆ ಹೋದರೆ ಬಸ್, ಟ್ರೇನ್, ಮೆಟ್ರೋ ಅಂತ ಯಾವುದು ಬೇಕೋ ಅದಕ್ಕೆ ಟಿಕ್ ಮಾಡಬಹುದು. ಕೆಳಗೆ 'ಬೆಸ್ಟ್ ರೂಟ್', 'ಫ್ಯೂವರ್ ಟ್ರಾನ್ಸ್‌ಫರ್ಸ್', 'ಲೆಸ್ ವಾಕಿಂಗ್', 'ವೀಲ್‌ಚೇರ್ ಆಕ್ಸೆಸಿಬಲ್' ಅಂತ ಇರುತ್ತದೆ. 'ಬೆಸ್ಟ್' ಅಂದರೆ ಯಾರಿಗೆ ಬೆಸ್ಟ್ ಅಂತ ಅದು ಹೇಳೋದಿಲ್ಲ. ಅಪ್ಪ ಅವ್ವನಿಗಾಗಿ ಹುಡುಕುವಾಗ ನಾನೀಗ ಮೊದಲು 'ಲೆಸ್ ವಾಕಿಂಗ್' ಒತ್ತುತ್ತೇನೆ. ಸಾಮಾನು ಜಾಸ್ತಿ ಇದ್ದರೆ 'ಫ್ಯೂವರ್ ಟ್ರಾನ್ಸ್‌ಫರ್ಸ್'.

ವೀಲ್‌ಚೇರ್ ಅನ್ನೋದು ಚೇರಿನಲ್ಲಿ ಕೂತವರಿಗೆ ಮಾತ್ರ ಅಂತ ತಿಳಿದಿದ್ದೆ. ಮೆಟ್ಟಿಲು ಹತ್ತಲಾಗದ ಎಲ್ಲರಿಗೂ ಅದು ಉಪಯೋಗ: ಮೊಣಕಾಲು ನೋವಿನವರು, ಹಸುಗೂಸನ್ನು ಗಾಡಿಯಲ್ಲಿ ತಳ್ಳುವವರು, ದೊಡ್ಡ ಸೂಟ್‌ಕೇಸ್ ಇರುವವರು. ಒಂದೇ ತೊಡಕು, ಆ ನಿಲ್ದಾಣದ ಬಗ್ಗೆ ಯಾರಾದರೂ ಮಾಹಿತಿ ತುಂಬಿರಬೇಕು. ತುಂಬದಿದ್ದರೆ ಟಿಕ್ ಮಾಡಿಯೂ ಅಷ್ಟೇ. ರಾಣೇಬೆನ್ನೂರಿಂದ ದಾವಣಗೆರೆಗೆ ರೈಲು ಸಲೀಸು, ದಾವಣಗೆರೆ ಸ್ಟೇಷನ್ನು ಊರ ನಡುವೆಯೇ ಇದೆ. ಆದರೆ ಪ್ಲಾಟ್‌ಫಾರ್ಮ್ ಬದಲಾದರೆ ಮೇಲ್ಸೇತುವೆಯ ಮೆಟ್ಟಿಲು. ಆ ಮೆಟ್ಟಿಲನ್ನು ಯಾವ ನಿಮಿಷದ ಲೆಕ್ಕದಲ್ಲಿ ಸೇರಿಸೋದು? ಅವ್ವನನ್ನೇ ಕೇಳಿದೆ. 'ಬಸ್ಸ ಚಲೋ' ಅಂದಳು.

ಜರ್ಮನಿಯಲ್ಲಿರುವ ನನ್ನ ಗೆಳತಿಗೆ ಇದನ್ನೆಲ್ಲ ಹೇಳಿದಾಗ ಅವಳು ನಕ್ಕಳು. ಅಲ್ಲಿನ ರೈಲ್ವೆ ಆ್ಯಪ್ ಡಿಬಿ ನ್ಯಾವಿಗೇಟರ್‌ನಲ್ಲಿ ಒಂದು ರೈಲು ಇಳಿದು ಇನ್ನೊಂದು ಹತ್ತೋಕೆ ಕಡಿಮೆ ಅಂದರೆ ಎಷ್ಟು ನಿಮಿಷ ಬೇಕು ಅಂತ ನಾವೇ ಹೇಳಬಹುದು. ಅವಳ ಅತ್ತೆ ಮಾವ ಇಲ್ಲಿಂದ ಹೋದಾಗ ಅವಳು ಮಾಡಿದ ಮೊದಲ ಕೆಲಸ ಅದನ್ನು ಹೆಚ್ಚಿಸಿದ್ದಂತೆ. 'ಇಲ್ಲಾಂದ್ರೆ ಆರು ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ ಅನ್ನುತ್ತೆ. ನಮ್ಮ ಮಾವನವರಿಗೆ ಬೋರ್ಡ್ ಓದೋಕೇ ಆರು ನಿಮಿಷ ಬೇಕು' ಅಂದಳು.

ಇನ್ನು ಹಲಗೇರಿ. ಇಲ್ಲಿ ಸೆಟ್ಟಿಂಗ್‌ಗಿಂತ ದೊಡ್ಡ ತಕರಾರು ಇದೆ. ಹಲಗೇರಿಯಿಂದ ದಾವಣಗೆರೆ ಅಂತ ಹಾಕಿದರೆ ನನ್ನ ಆ್ಯಪ್ ಊರಿನ ಬಸ್ಸನ್ನು ತೋರಿಸಲೇ ಇಲ್ಲ. ಊರಿಗೆ ಬಸ್ಸೇ ಇಲ್ಲವೇನೋ ಅನ್ನಬೇಕು, ಹಾಗೆ. ಬಸ್ಸಿನ ವೇಳಾಪಟ್ಟಿ ಆ್ಯಪ್‌ಗಳಿಗೆ ಹೋಗೋದು ಜಿಟಿಎಫ್‌ಎಸ್ ಅನ್ನೋ ಒಂದು ರೂಪದಲ್ಲಿ. 2005ರಲ್ಲಿ ಅದೇ ಪೋರ್ಟ್‌ಲ್ಯಾಂಡ್‌ನ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಸೇರಿ ಶುರು ಮಾಡಿದ್ದು. ಬಹಳ ದೊಡ್ಡದೇನಲ್ಲ, ಸಾದಾ ಪಠ್ಯದ ಕಡತಗಳು: ಒಂದರಲ್ಲಿ ನಿಲ್ದಾಣಗಳು, ಇನ್ನೊಂದರಲ್ಲಿ ಯಾವ ಬಸ್ಸು ಎಲ್ಲಿಗೆ ಎಷ್ಟು ಹೊತ್ತಿಗೆ. ಆ ಕಡತದಲ್ಲಿ ಸಾಲು ಇಲ್ಲದ ಬಸ್ಸು, ರಸ್ತೆ ಮೇಲೆ ದಿನಾ ಓಡಿದರೂ, ಆ್ಯಪ್ ಪಾಲಿಗೆ ಇಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಗಂಟು ಇದೆ. ಹಾವೇರಿ ಜಿಲ್ಲೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆಗೆ ಸೇರಿದ್ದು, ಪಕ್ಕದ ದಾವಣಗೆರೆ ಕೆಎಸ್‌ಆರ್‌ಟಿಸಿಗೆ. ಒಂದೇ ಹೆದ್ದಾರಿ ಮೇಲೆ ಎರಡೂ ನಿಗಮದ ಬಸ್ಸು ಓಡುತ್ತವೆ. ಒಂದರ ಮಾಹಿತಿ ಇದ್ದು ಇನ್ನೊಂದರದು ಇಲ್ಲದಿದ್ದರೆ ಅರ್ಧ ಬಸ್ಸು ಮಾಯ. ಅಪ್ಪನಿಗೆ ಈ ಭೇದ ಇಲ್ಲ, ಎಲ್ಲವೂ ಕೆಂಪು ಬಸ್ಸು.

ಹಾಗಾಗಿ ನಾನು ಈಗ ಪ್ರಯಾಣವನ್ನು ಎರಡು ತುಂಡು ಮಾಡುತ್ತೇನೆ. ರಾಣೇಬೆನ್ನೂರಿಂದ ಆಚೆಯದು ಆ್ಯಪ್ ಲೆಕ್ಕ, ಹಲಗೇರಿಯಿಂದ ರಾಣೇಬೆನ್ನೂರು ಅಪ್ಪನ ಲೆಕ್ಕ. ಅಪ್ಪನ ಲೆಕ್ಕವನ್ನು ಫೋನಿನಲ್ಲಿ ಕೇಳಿ ಒಂದು ನೋಟ್‌ನಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ಯಾವ ಬಸ್ಸು ಶಾಲೆ ರಜೆ ಇದ್ದಾಗ ಬರೋದಿಲ್ಲ, ಯಾವುದರಲ್ಲಿ ಕೂರೋಕೆ ಜಾಗ ಸಿಗುತ್ತದೆ ಅನ್ನೋದೂ ಇದೆ. ಯಾವ ಕಡತದಲ್ಲೂ ಇಲ್ಲದ ಮಾಹಿತಿ ಇದು. ಎರಡು ತುಂಡಿನ ನಡುವೆ ಅರ್ಧ ಗಂಟೆ ಬಿಡುತ್ತೇನೆ. ಹೆಚ್ಚಾಯಿತು ಅಂತ ನಿಮಗೆ ಅನ್ನಿಸಬಹುದು. ಸ್ಟ್ಯಾಂಡಿನಲ್ಲಿ ಕೂತು ಚಹಾ ಕುಡಿಯೋಕೆ ಅವರಿಗೆ ಬೇಜಾರಿಲ್ಲ. ಓಡಿ ಬಸ್ಸು ಹತ್ತೋದು ಆಗೋದಿಲ್ಲ.

ಹೊತ್ತು ಹಾಕುವ ಜಾಗದ ಬಗ್ಗೆಯೂ ಹೇಳಬೇಕು. ನಾವೆಲ್ಲ 'ಈಗ ಹೊರಡು' ಅಂತಲೇ ಹುಡುಕುತ್ತೇವೆ. ಡಾಕ್ಟರ್ ಪಾಳಿ, ಪರೀಕ್ಷೆ, ಮುಹೂರ್ತ, ಇವುಗಳಿಗೆ 'ಅರೈವ್ ಬೈ' ಹಾಕಿ, ಇಷ್ಟು ಗಂಟೆಯೊಳಗೆ ಮುಟ್ಟಬೇಕು ಅಂತ. ಹತ್ತೂವರೆಗೆ ಪಾಳಿ ಇದ್ದರೆ ನಾನು ಹತ್ತಕ್ಕೆ ಹಾಕುತ್ತೇನೆ.

ಬೆಂಗಳೂರಿನಿಂದ ಊರಿಗೆ ಹೋಗುವವರಿಗೂ ಇದೇ ಕೆಲಸಕ್ಕೆ ಬರುತ್ತದೆ. ರಾಣೇಬೆನ್ನೂರು ಸುಮಾರು 300 ಕಿಲೋಮೀಟರ್. ಸಂಜೆ ಬೇಗ ಹೊರಟ ಬಸ್ಸು ನಡುರಾತ್ರಿ ಕಳೆದು ಇನ್ನೂ ಕತ್ತಲಿರುವಾಗಲೇ 48ನೇ ಹೆದ್ದಾರಿಯ ಬದಿಗೆ ಇಳಿಸಿ ಹೋಗುತ್ತದೆ, ಹಲಗೇರಿಯ ಮೊದಲ ಬಸ್ಸಿಗೆ ಬೆಳಗಾಗಬೇಕು. ನಾನು ಒಬ್ಬಳೇ ಹೋಗುವಾಗ ಬೆಳಕು ಹರಿದ ಮೇಲೆ ಮುಟ್ಟುವಂತೆ 'ಅರೈವ್ ಬೈ' ಹಾಕಿ, ಅಲ್ಲಿಂದ ಹಿಂದಕ್ಕೆ ಬಸ್ಸು ಆರಿಸುತ್ತೇನೆ. ಬುಕ್ ಮಾಡುವಾಗ ಇಳಿಯುವ ಜಾಗ ಬೈಪಾಸೋ ಬಸ್ ಸ್ಟ್ಯಾಂಡೋ ಅಂತ ನೋಡೋದು ಮರೆಯಬೇಡಿ. ಹಾಗೇ ರಾತ್ರಿ 12.15ರ ಬಸ್ಸು ಅಂದರೆ ತಾರೀಖು ಮರುದಿನದ್ದು. ಇದರಲ್ಲಿ ಎಡವದ ಒಬ್ಬ ಗೆಳೆಯನೂ ನನಗಿಲ್ಲ.

ಊರಿನ ಹೆಸರು ಹಾಕುವಾಗಲೂ ನಿಧಾನ. ನಮ್ಮದು ಹಲಗೇರಿ. ರಾಣೇಬೆನ್ನೂರಿನ ಆಚೆ, ಹರಿಹರದ ದಾರಿಯಲ್ಲಿ ರೈಲ್ವೆ ಸ್ಟೇಷನ್ ಇರುವುದು ಚಳಗೇರಿ. ಮುಧೋಳ ತಾಲ್ಲೂಕಿನಲ್ಲಿ 1857ರ ಬೇಡರ ದಂಗೆಯ ಹಲಗಲಿ. ಇಂಗ್ಲಿಷ್ ಅಕ್ಷರದಲ್ಲಿ ಅರ್ಧ ಟೈಪ್ ಮಾಡಿ ಮೊದಲು ಬಂದದ್ದನ್ನು ಒತ್ತಿದರೆ ಎಲ್ಲಿಗೆ ಹೋಗುತ್ತೀರೋ ಗೊತ್ತಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಜಿಲ್ಲೆಯ ಹೆಸರು ಇರುತ್ತದೆ, ಓದಿ. ರೈಲಿಗಾದರೆ ಕೋಡ್ ವಾಸಿ: ರಾಣೇಬೆನ್ನೂರು ಆರ್‌ಎನ್‌ಆರ್, ಬ್ಯಾಡಗಿ ಬಿವೈಡಿ, ಹಾವೇರಿ ಎಚ್‌ವಿಆರ್, ದಾವಣಗೆರೆ ಡಿವಿಜಿ. ಕಾಗುಣಿತದ ಜಗಳ ಇಲ್ಲ.

ದುಡ್ಡಿನ ವಿಷಯದಲ್ಲಿ ಆ್ಯಪ್ ಇನ್ನೂ ಹಿಂದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗೆ ನಿಗಮಗಳ ಸಾಮಾನ್ಯ ಬಸ್ಸು, ವೇಗದೂತದಲ್ಲಿ ಅವ್ವನಿಗೆ ಟಿಕೆಟ್ ಇಲ್ಲ, ಅಪ್ಪನಿಗೆ ಇದೆ. ರಾಜಹಂಸ, ಐರಾವತಕ್ಕೆ ಇಬ್ಬರದೂ ಇದೆ. ನಾನು ಬಳಸುವ ಆ್ಯಪ್‌ನಲ್ಲಿ 'ಶಕ್ತಿ' ಅನ್ನೋ ಟಿಕ್ ಇಲ್ಲ. ಹಾಗಾಗಿ ಸಿಕ್ಕ ದಾರಿಯಲ್ಲಿ ಬಸ್ಸು ಯಾವ ವರ್ಗದ್ದು ಅಂತ ಕಣ್ಣಲ್ಲೇ ನೋಡಬೇಕು. ಅವ್ವ ಇದರಲ್ಲಿ ಬಲು ಕಟ್ಟುನಿಟ್ಟು. ಆಧಾರ್ ಕಾರ್ಡ್ ಸೆರಗಿನ ಗಂಟಿನಲ್ಲಿರುತ್ತದೆ, ಬೇರೆ ಬಣ್ಣದ ಬಸ್ಸು ಬಂದರೆ ಹಿಂದೆ ಸರಿದು ನಿಲ್ಲುತ್ತಾಳೆ.

ಮರುವಾರ ಎಲ್ಲ ಬದಲಿಸಿ ಹುಡುಕಿದೆ. ಕಡಿಮೆ ನಡಿಗೆ, ಹತ್ತು ಗಂಟೆಯೊಳಗೆ, ಬಸ್ಸು ಮಾತ್ರ. ದಾವಣಗೆರೆ ಬಸ್ ಸ್ಟ್ಯಾಂಡಿನ ತನಕ ಹೋಗುವ ಬಸ್ಸು ಬಂತು. ಹಿಂದಿನದಕ್ಕಿಂತ 35 ನಿಮಿಷ ಹೆಚ್ಚು. ಸ್ಟ್ಯಾಂಡಿನಿಂದ ಆಟೋ ಮಾಡಲೇಬೇಕು ಅಂತ ಸ್ಕ್ರೀನ್‌ಶಾಟ್ ಜೊತೆ ವಾಯ್ಸ್ ಮೆಸೇಜ್ ಹಾಕಿದೆ, ಅಪ್ಪನಿಗಲ್ಲ, ಅವ್ವನಿಗೆ. ಒಂಬತ್ತೂ ಮುಕ್ಕಾಲಿಗೆ ಅಪ್ಪನ ಫೋನು. 'ಬಂದು ಕುಂತೀವಿ. ಪಾಳಿ ನಾಕನೇದು.'

ಈಗ ಗುಳಿಗೆ, ಬೆಲ್ಟು, ದಿನಾ ಹತ್ತು ನಿಮಿಷ ಕಾಲು ಚಾಚುವ ವ್ಯಾಯಾಮ ನಡೆದಿದೆ. ಸ್ವಲ್ಪ ಹಗುರಾಗಿದೆ ಅನ್ನುತ್ತಾಳೆ. ಎಷ್ಟು ನಿಜವೋ, ಹೋಗಿ ನೋಡಬೇಕು.

ಮೊನ್ನೆ ಅವಳೇ ಫೋನ್ ಮಾಡಿದಳು. ಬ್ಯಾಡಗಿಯಲ್ಲಿ ನಮ್ಮ ಸಣ್ಣಮ್ಮನ ಮನೆಗೆ ಹೋಗಬೇಕಂತೆ, ಬರುವಾಗ ವರ್ಷದ ಮೆಣಸಿನಕಾಯಿ ತರಬೇಕಂತೆ. ನಾನು ಹುಡುಕಿದೆ. ಬೇಗ ಮುಟ್ಟೋ ಬಸ್ಸು ಹೆದ್ದಾರಿಯ ಮೋಟೆಬೆನ್ನೂರಿನಲ್ಲಿ ಇಳಿಸುತ್ತದೆ, ಅಲ್ಲಿಂದ ಬ್ಯಾಡಗಿಗೆ ಇನ್ನೊಂದು ವಾಹನ ಹಿಡಿಯಬೇಕು.

'ಅದು ಬ್ಯಾಡ,' ಅಂದಳು ಅವ್ವ. 'ಹೋಗೂವಾಗ ಒಂದ, ಬರೂವಾಗ ಒಂದ ಬ್ಯಾರೆ ಬ್ಯಾರೆ ಹುಡುಕು. ಬರೂವಾಗ ಚೀಲ ಇರತೈತಿ.'

ಚೀಲಕ್ಕೂ ಆಪ್ಷನ್ ಇಲ್ಲ. ಬರುವ ದಾರಿಗೆ 'ಫ್ಯೂವರ್ ಟ್ರಾನ್ಸ್‌ಫರ್ಸ್' ಒತ್ತಿ, ನೇರ ಬಸ್ಸು ಯಾವುದಿದೆ ಅಂತ ಸಣ್ಣಮ್ಮನಿಗೂ ಒಂದು ಮಾತು ಕೇಳಿದ್ದೇನೆ.